ಎಕ್ಸೆಲ್ಲಲ್ಲಿ ಹಾಕಿದ ತಾರೀಕು, ರೇಟು ದಿನಾ ತಾನಾಗೇ ಬದಲಾಗ್ತಾ ಅವೆ, ನಿಲ್ಸೋದು ಹೆಂಗೆ?

ಪಾಂಡವಪುರದ ಹುಡುಗ

ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರ ತಾಲ್ಲೂಕು, ಮನೇದೇ ಒಂದು ಆಲೆಮನೆ ಅದೆ. ಅಪ್ಪ ಇಷ್ಟು ವರ್ಷ ಲೆಕ್ಕ ಎಲ್ಲಾ ಉದ್ದನೆ ನೋಟ್‌ಬುಕ್ಕಲ್ಲೇ ಬರ್ಕೊಂಡು ಬಂದವ್ರೆ, ನಾನು ಊರಿಗೆ ವಾಪಸ್ ಬಂದ್ಮೇಲೆ ಹಠ ಮಾಡಿ ನವೆಂಬರ್ ಕೊನೇಲಿ ಎಕ್ಸೆಲ್ಲಿಗೆ ಹಾಕಿಸ್ದೆ. ಈಗ ಅದ್ರಿಂದ್ಲೇ ಮರ್ಯಾದೆ ಹೋಗೋ ಹಂಗಾಗದೆ, ಗೊತ್ತಿರೋರು ದಯವಿಟ್ಟು ಹೇಳಿ.

ಶೀಟು ಹಿಂಗದೆ. ಎ ಕಾಲಮ್ಮಲ್ಲಿ ತಾರೀಕು, ಬಿ ರೈತರ ಹೆಸ್ರು, ಸಿ ಕಬ್ಬಿನ ತೂಕ ಟನ್ನಲ್ಲಿ, ಡಿ ಟನ್ನಿಗೆ ರೇಟು, ಆಮೇಲೆ ಒಟ್ಟು ದುಡ್ಡು, ಕೊಟ್ಟಿರೋ ಮುಂಗಡ, ಬಾಕಿ. ಹೆಸ್ರು ಹಾಕಿದ್ ತಕ್ಷಣ ತಾರೀಕು ತಾನೇ ಬರ್ಲಿ ಅಂತ ಎ ಕಾಲಮ್ಮಿಗೆ ಇಫ್ ಒಳಗೆ ಟುಡೇ ಫಾರ್ಮುಲಾ ಹಾಕಿದ್ದೆ. ರೇಟು ಪ್ರತಿ ಸಾಲಲ್ಲೂ ಯಾಕೆ ಟೈಪ್ ಮಾಡೋದು ಅಂತ ಪಕ್ಕದ ಶೀಟಲ್ಲಿ ಒಂದೇ ಒಂದು ಸೆಲ್ಲಲ್ಲಿ ಬರೆದು ಎಲ್ಲಾ ಸಾಲಿಗೂ ಅದನ್ನೇ ಲಿಂಕ್ ಕೊಟ್ಟಿದ್ದೆ.

ಸಂಕ್ರಾಂತಿಗೆ ಮುಂಚೆ ಬೆಲ್ಲಕ್ಕೆ ಡಿಮ್ಯಾಂಡಿತ್ತು, ಕಬ್ಬು ಟನ್ನಿಗೆ 3000 ಕೊಡ್ತಿದ್ವಿ. ಹಬ್ಬ ಆದ್ಮೇಲೆ ಮಂಡ್ಯ ಮಾರ್ಕೆಟ್ಟಲ್ಲಿ ಬೆಲ್ಲ ಇಳೀತು, ನಾವೂ 2800 ಮಾಡಿದ್ವಿ, ನಾನು ಆ ಸೆಲ್ಲಲ್ಲಿ 3000 ತೆಗ್ದು 2800 ಹೊಡ್ದೆ ಅಷ್ಟೇ. ಮೊನ್ನೆ ಗುರುವಾರ ಪಕ್ಕದೂರಿನ ಯಜಮಾನ್ರೊಬ್ರು ದುಡ್ಡಿಗೆ ಬಂದ್ರು. ಅವ್ರು ಜನವರಿ 6ನೇ ತಾರೀಕು ಒಂದು ಟ್ರ್ಯಾಕ್ಟ್ರು ಲೋಡು ಹಾಕಿದ್ರು, 9.4 ಟನ್ನು. ಕೈಲಿ ನಮ್ಮಪ್ಪನೇ ಬರ್ಕೊಟ್ಟಿದ್ ಚೀಟಿ ಇತ್ತು, 28,200 ಒಟ್ಟು, 10,000 ಮುಂಗಡ, 18,200 ಬಾಕಿ. ನಾನು ಲ್ಯಾಪ್‌ಟಾಪ್ ತೆಗ್ದು ನೋಡಿದ್ರೆ ಒಟ್ಟು 26,320, ಬಾಕಿ 16,320, ತಾರೀಕು ನೋಡಿದ್ರೆ ಅವತ್ತಿಂದೇ, ಗುರುವಾರದ್ದು! ಅವ್ರು ಏನೂ ಬೈಲಿಲ್ಲ, "ಕಬ್ಬು ಹಾಕಿದ್ ದಿನ ಒಂದು ರೇಟು, ದುಡ್ಡು ಕೊಡೋ ದಿನ ಒಂದು ರೇಟಾ ಮಗಾ" ಅಂತ ಮಾತ್ರ ಕೇಳಿದ್ರು. ಅಪ್ಪ ನನ್ ಮುಖ ನೋಡಿದ್ರು. ಅವತ್ತಿಂದ ನಂಗೆ ಊಟ ಸೇರ್ತಾ ಇಲ್ಲ.

ಈಗ 140 ಸಾಲಲ್ಲೂ ಒಂದೇ ತಾರೀಕು, ದಿನಾ ತೆಗೆದಾಗ ಆ ದಿನದ್ದೇ ತೋರಿಸ್ತದೆ. ಮೊದಲಿದ್ದ ತಾರೀಕು ವಾಪಸ್ ತರ್ಬೋದಾ? ಇನ್ಮುಂದೆ ಬದಲಾಗ್ದಿರೋ ಹಂಗೆ ಮಾಡೋದು ಹೆಂಗೆ? ಅಪ್ಪ ಫೋನಲ್ಲೂ ನೋಡ್ತಾರೆ, ಅದೂ ಗಮನಕ್ಕಿರ್ಲಿ.

ಮಂಡ್ಯ ಜೆರಾಕ್ಸ್ ಅಂಗಡಿ

ಬ್ರದರ್, ಟುಡೇ ಅಂದ್ರೆ ಇವತ್ತು ಅಂತ ತಾನೇ, ಅದು ದಿನಾ ಇವತ್ತನ್ನೇ ತೋರ್ಸೋದು. ಅದನ್ನ ತೆಗ್ದಾಕಿ. ತಾರೀಕು ಬೇಕಿರೋ ಸೆಲ್ಲಲ್ಲಿ ನಿಂತ್ಕೊಂಡು ಕಂಟ್ರೋಲ್ ಒತ್ತಿ ಹಿಡ್ಕೊಂಡು ಸೆಮಿಕೋಲನ್ ಒತ್ತಿ, ಇವತ್ತಿನ ತಾರೀಕು ಟೈಪ್ ಮಾಡ್ದಂಗೇ ಬಂದು ಕೂತ್ಕೊಳ್ತದೆ, ಫಾರ್ಮುಲಾ ಅಲ್ಲ, ಯಾವತ್ತೂ ಬದಲಾಗಲ್ಲ. ಟೈಮೂ ಬೇಕು ಅಂದ್ರೆ ಕಂಟ್ರೋಲು ಶಿಫ್ಟು ಸೆಮಿಕೋಲನ್ನು. ನಮ್ಮಂಗ್ಡೀಲಿ ದಿನಕ್ಕೆ ನೂರು ಸಲ ಒತ್ತೀವಿ. ಗೂಗಲ್ ಶೀಟಲ್ಲೂ ಇದೇ ಕೀ ನಡೀತದೆ.

ಲೆಕ್ಕದ ಅಕ್ಕ, ಮೈಸೂರು

ತಮ್ಮಾ, ಮೊದ್ಲು ಒಂದು ಮಾತು, ಆ ಯಜಮಾನ್ರಿಗೆ ಚೀಟೀಲಿರೋ ದುಡ್ಡೇ ಕೊಟ್ಟು ಕಳ್ಸು, ಶೀಟು ಆಮೇಲೆ ಸರಿ ಮಾಡ್ಕೊಳೋಣ. ಚೀಟಿ ಮೇಲೆ ನಿಮ್ಮಪ್ಪನ ಕೈಬರಹ ಇದೆ, ಅದೇ ದಾಖಲೆ.

ನಾನು ಮೈಸೂರಲ್ಲಿ ಸಣ್ಣ ಸಣ್ಣ ಅಂಗಡಿಗಳ ಲೆಕ್ಕ ಬರೀತೀನಿ, ನಿಂದು ಒಂದಲ್ಲ ಎರಡು ಬೇರೆ ಬೇರೆ ತೊಂದ್ರೆ, ಹೊರಗಿಂದ ನೋಡೋಕೆ ಮಾತ್ರ ಒಂದೇ ಥರ ಕಾಣ್ತವೆ. ತಾರೀಕಿಂದು ಸುಲಭ. ಸೆಲ್ಲಲ್ಲಿ ಫಾರ್ಮುಲಾ ಇದ್ರೆ ಅಲ್ಲಿ ಏನೂ ಬರ್ದಿಟ್ಟಿಲ್ಲ ಅಂತಾನೇ ಅರ್ಥ, ಪ್ರತಿ ಸಲ ಕೇಳ್ದಾಗ್ಲೂ ಹೊಸದಾಗಿ ಲೆಕ್ಕ ಹಾಕಿ ಹೇಳುತ್ತೆ. ಟುಡೇ, ಈಗಿನ ತಾರೀಕು ಟೈಮು ಕೊಡೋ ನೌ, ಯಾವ್ದೋ ಒಂದು ಸಂಖ್ಯೆ ಎತ್ತಿ ಕೊಡೋ ರ‍್ಯಾಂಡ್ ಇವೆಲ್ಲ ಅದ್ರಲ್ಲೂ ಒಂದು ಹೆಜ್ಜೆ ಮುಂದೆ, ಶೀಟಲ್ಲಿ ಎಲ್ಲೋ ಮೂಲೇಲಿ ಏನೋ ಒಂದು ಟೈಪ್ ಮಾಡಿದ್ರೂ ಮತ್ತೆ ಲೆಕ್ಕ ಆಗ್ತವೆ. ಅದೇ ನೀನು ಕೈಯಿಂದ ತಾರೀಕು ಹಾಕಿದ್ರೆ ಎಕ್ಸೆಲ್ ಅದನ್ನ ಒಂದು ಸಂಖ್ಯೆಯಾಗಿ ಇಟ್ಕೊಳುತ್ತೆ, 1900ನೇ ಇಸವಿ ಜನವರಿ 1 ಅಂದ್ರೆ 1, ಅಲ್ಲಿಂದ ದಿನಕ್ಕೊಂದು ಏರಿಸ್ಕೊಂಡು ಬಂದು 2026 ಜನವರಿ 1 ಅಂದ್ರೆ 46023. ನಿಮ್ಮ ಯಜಮಾನ್ರ ಲೋಡು 46028. ಸಂಖ್ಯೆ ಕೂತ್ಕೊಂಡ್ಮೇಲೆ ಯಾರೂ ಮುಟ್ಟದೇ ಅದು ಕದಲಲ್ಲ.

ರೇಟಿಂದು ನಂಗೆ ಜಾಸ್ತಿ ಬೇಜಾರಾಗೋ ವಿಷ್ಯ, ಯಾಕಂದ್ರೆ ತಾರೀಕು ತಪ್ಪಾದ್ರೆ ಕಣ್ಣಿಗೆ ತಕ್ಷಣ ಹೊಡೆಯುತ್ತೆ, ರೇಟು ತಪ್ಪಾದ್ರೆ ಯಾರಾದ್ರೂ ಚೀಟಿ ಹಿಡ್ಕೊಂಡು ಬರೋವರ್ಗೂ ಗೊತ್ತೇ ಆಗಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯ್ತಲ್ಲ, ತುಪ್ಪಕ್ಕೆ 12 ಪರ್ಸೆಂಟ್ ಇದ್ದದ್ದು 5 ಆಯ್ತು. ನನ್ನ ಹತ್ರ ಲೆಕ್ಕ ಬರೆಸೋ ಒಂದು ದಿನಸಿ ಅಂಗಡಿಯವ್ರು ಹೀಗೇ ಒಂದು ಸೆಲ್ಲಲ್ಲಿ ತೆರಿಗೆ ಇಟ್ಕೊಂಡಿದ್ರು, ಅವತ್ತು ಬೆಳಗ್ಗೆ ಅದನ್ನ 5 ಮಾಡಿದ್ರು, ಏಪ್ರಿಲ್‌ನಿಂದ ಅಲ್ಲೀವರ್ಗೂ ಮಾರಿದ್ದ ಎಲ್ಲಾ ತುಪ್ಪದ ಬಿಲ್ಲೂ 5 ಪರ್ಸೆಂಟಿಗೆ ಇಳಿದ್ಬಿಟ್ವು. ಆಗ್ಲೇ ರಿಟರ್ನ್ ಹಾಕಿ ದುಡ್ಡು ಕಟ್ಟಿದ್ದ ತಿಂಗಳುಗಳ ಲೆಕ್ಕ ಸಮೇತ. ನಾನು ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಇಟ್ಕೊಂಡು ಎರಡು ರಾತ್ರಿ ಕೂತು ಸರಿ ಮಾಡ್ದೆ.

ಇದಕ್ಕೆ ಎರಡು ದಾರಿ ಇವೆ. ಒಂದು, ರೇಟನ್ನ ಆ ಸಾಲಲ್ಲೇ ಬರ್ದುಬಿಡೋದು, 3000 ಅಂತ ಕೈಯಿಂದ. ಇನ್ನೊಂದು, ಒಂದೇ ಸೆಲ್ ಬದ್ಲು ರೇಟಿಗೇ ಒಂದು ಪಟ್ಟಿ ಮಾಡೋದು, ಯಾವ ತಾರೀಕಿಂದ ಯಾವ ರೇಟು ಅಂತ. ಉದಾಹರಣೆಗೆ 1-12-2025ರಿಂದ 2900, 22-12-2025ರಿಂದ 3000, 17-1-2026ರಿಂದ 2800. ರೇಟು ಬದಲಾದಾಗ ಹಳೇದನ್ನ ಅಳಿಸ್ಬಾರ್ದು, ಕೆಳಗೆ ಹೊಸ ಸಾಲು ಸೇರಿಸ್ಬೇಕು. ಆಮೇಲೆ ಲೋಡಿನ ತಾರೀಕು ಕೊಟ್ಟು, ಪಟ್ಟೀಲಿ ಹುಡುಕಿ ತರೋ ಫಾರ್ಮುಲಾ ಆದ ವಿಲುಕಪ್‌ನಲ್ಲಿ ಕೊನೇ ಜಾಗಕ್ಕೆ ಟ್ರೂ ಅಂತ ಹಾಕಿದ್ರೆ, ಆ ತಾರೀಕು ಪಟ್ಟೀಲಿ ಇಲ್ದಿದ್ರೂ ಅದ್ರ ಹಿಂದಿನ ಹತ್ರದ ತಾರೀಕಿನ ರೇಟು ತಗೊಳುತ್ತೆ. ಜನವರಿ 6 ಕೇಳಿದ್ರೆ ಡಿಸೆಂಬರ್ 22ರ ಸಾಲು ಹಿಡಿದು 3000 ಕೊಡುತ್ತೆ. ಪಟ್ಟಿ ಮಾತ್ರ ತಾರೀಕು ಪ್ರಕಾರ ಮೇಲಿಂದ ಕೆಳಗೆ ಏರ್ತಾ ಹೋಗ್ಬೇಕು, ಹಿಂದೆ ಮುಂದೆ ಆದ್ರೆ ತಪ್ಪು ರೇಟು ಕೊಟ್ಟು ಸುಮ್ನಿರುತ್ತೆ, ಎರರ್ ಕೂಡ ತೋರ್ಸಲ್ಲ.

ಆದ್ರೆ ನಿನಗೆ ನಾನು ಮೊದಲನೇ ದಾರೀನೇ ಹೇಳೋದು. ಆಲೆಮನೆ ವ್ಯವಹಾರದಲ್ಲಿ ಎಲ್ರಿಗೂ ಒಂದೇ ರೇಟು ಅಂತ ಇರಲ್ಲ ಅಲ್ವಾ? ಕಬ್ಬು ಚೆನ್ನಾಗಿದ್ರೆ ಐವತ್ತು ಜಾಸ್ತಿ, ಒಣಗಿದ್ರೆ ಕಮ್ಮಿ, ಕಡಿಯೋ ಕೂಲಿ ಯಾರ್ದು ಅನ್ನೋದ್ರ ಮೇಲೆ ಬೇರೆ. ಗದ್ದೆ ಬದು ಮೇಲೆ ನಿಂತ್ಕೊಂಡು ಅಪ್ಪ ಆಡಿದ ಮಾತು ಅದು, ಯಾವ ಪಟ್ಟೀಲೂ ಸಿಗಲ್ಲ. ಮಾತಾದ ರೇಟು ಸಾಲಲ್ಲೇ ಇರ್ಬೇಕು. ಒಟ್ಟು, ಬಾಕಿ ಇವೆರಡಕ್ಕೆ ಮಾತ್ರ ಫಾರ್ಮುಲಾ ಸಾಕು. ಲೆಕ್ಕ ಚುಕ್ತಾ ಆದ ಸಾಲುಗಳನ್ನ ತಿಂಗಳ ಕೊನೇಲಿ ಸೆಲೆಕ್ಟ್ ಮಾಡಿ ಕಾಪಿ ಹೊಡೆದು ಅದೇ ಜಾಗಕ್ಕೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅಂತ ಕೊಟ್ಬಿಡು, ಫಾರ್ಮುಲಾ ಹೋಗಿ ಬರೀ ಸಂಖ್ಯೆ ಉಳಿಯುತ್ತೆ, ಆಮೇಲೆ ಯಾರು ಯಾವ ಸೆಲ್ ಬದಲಾಯಿಸಿದ್ರೂ ಆ ತಿಂಗಳು ಅಲ್ಲಾಡಲ್ಲ.

ಹಳೇ ತಾರೀಕು ವಾಪಸ್ ತರೋದು ಅಂದ್ರೆ, ಆ ಫೈಲಿಂದ ಆಗಲ್ಲ, ಅಲ್ಲಿ ಅದು ಬರ್ದೇ ಇರ್ಲಿಲ್ಲ. ಆದ್ರೆ ಒಂದು ವಿಚಾರ, ಈ ಫೈಲ್ ಯಾವಾಗಾದ್ರೂ ಯಾರಿಗಾದ್ರೂ ಕಳ್ಸಿದ್ದೀಯಾ?

ಪಾಂಡವಪುರದ ಹುಡುಗ

ಅಕ್ಕಾ, ಯಜಮಾನ್ರಿಗೆ ನಿನ್ನೆ ಸಂಜೆ ಮನೇಗೇ ಹೋಗಿ 18,200 ಕೊಟ್ಟು ಬಂದೆ. ಎಣಿಸ್ಕೊಳ್ದೇ ಜೇಬಿಗಿಟ್ಕೊಂಡು ಕಾಫಿ ಕುಡಿಸಿ ಕಳ್ಸಿದ್ರು.

ಫೈಲು ಕಳ್ಸಿದ್ದೀನಿ, ಪ್ರತಿ ಶನಿವಾರ ರಾತ್ರಿ ಮೈಸೂರಲ್ಲಿರೋ ನಮ್ ಭಾವಂಗೆ ಮೇಲ್ ಮಾಡ್ತೀನಿ, ಮುಂಗಡದ ದುಡ್ಡಿನಲ್ಲಿ ಅವ್ರದ್ದೂ ಪಾಲದೆ ಅದಕ್ಕೆ. ಆದ್ರೆ ಅದನ್ನ ತೆಗ್ದ್ರೂ ಇವತ್ತಿನ ತಾರೀಕೇ ಬರ್ತದಲ್ಲ?

ಇನ್ನೊಂದು, ಕಂಟ್ರೋಲ್ ಸೆಮಿಕೋಲನ್ ಚೆನ್ನಾಗದೆ, ಆದ್ರೆ ನಾನಿಲ್ದಾಗ ಅಪ್ಪ ಇಲ್ಲ ಗಾಣದತ್ರ ಇರೋ ಹುಡುಗ ಫೋನಲ್ಲಿ ಹಾಕ್ಬೇಕು. ಫೋನಲ್ಲಿ ಕಂಟ್ರೋಲೇ ಇಲ್ವಲ್ಲ. ತಾನಾಗೇ ಬಂದು ಆಮೇಲೆ ನಿಂತ್ಕೊಳೋ ಹಂಗೆ ಏನೂ ಇಲ್ವಾ?

ಲೆಕ್ಕದ ಅಕ್ಕ, ಮೈಸೂರು

ಒಳ್ಳೇ ಕೆಲ್ಸ ಮಾಡ್ದೆ ತಮ್ಮಾ.

ಶನಿವಾರದ ಫೈಲುಗಳು ಇದ್ರೆ ಅರ್ಧ ಗೆದ್ದಂಗೆ. ಎಕ್ಸೆಲ್ ಫೈಲಲ್ಲಿ ಫಾರ್ಮುಲಾ ಜೊತೆಗೆ ಕೊನೇ ಸಲ ಸೇವ್ ಮಾಡ್ದಾಗ ಬಂದಿದ್ದ ಉತ್ತರಾನೂ ಇರುತ್ತೆ. ಮೇಲ್‌ನಿಂದ ಇಳಿಸಿ ತೆಗೆದಾಗ ಮೇಲ್ಗಡೆ ಒಂದು ಹಳದಿ ಪಟ್ಟಿ ಬಂದು ಎನೇಬಲ್ ಎಡಿಟಿಂಗ್ ಅಂತ ಕೇಳುತ್ತಲ್ಲ, ಅದನ್ನ ಒತ್ತಬೇಡ. ಒತ್ತದೇ ಇರೋವರ್ಗೂ ಎಕ್ಸೆಲ್ ಹೊಸದಾಗಿ ಲೆಕ್ಕ ಹಾಕಲ್ಲ, ಅವತ್ತು ಸೇವ್ ಆದದ್ದನ್ನೇ ತೋರ್ಸುತ್ತೆ. ಹಳದಿ ಪಟ್ಟಿ ಬರ್ದಿದ್ರೆ ಓಪನ್ ಬಟನ್ ಪಕ್ಕದ ಬಾಣದ ಗುರುತು ಒತ್ತಿ ಪ್ರೊಟೆಕ್ಟೆಡ್ ವ್ಯೂ ಅಂತ ಆರಿಸ್ಕೊಂಡು ತೆಗಿ.

ಅಲ್ಲೂ ತಾರೀಕು ಎಲ್ಲಾ ಸಾಲಿಗೂ ಆ ಶನಿವಾರದ್ದೇ ಇರುತ್ತೆ, ಅದು ಉಪಯೋಗಕ್ಕಿಲ್ಲ. ನೋಡ್ಬೇಕಿರೋದು ಎಷ್ಟು ಸಾಲಿದೆ ಅಂತ. ಜನವರಿ 3ರ ಫೈಲಲ್ಲಿ 96 ಸಾಲಿದ್ದು ಜನವರಿ 10ರ ಫೈಲಲ್ಲಿ 110 ಇದ್ರೆ, 97ರಿಂದ 110ರವರ್ಗೂ ಆ ವಾರ ಬಂದ ಲೋಡು. ರೇಟೂ ಹಂಗೇ, ಡಿಸೆಂಬರ್ 20ರ ಫೈಲಲ್ಲಿ ಡಿ ಕಾಲಮ್ಮಲ್ಲಿ ಏನಿದ್ಯೋ ಅದೇ ಆ ವಾರದ ರೇಟು. ವಾರ ಸಿಕ್ಕಿದ್ಮೇಲೆ ದಿನ ಹಿಡಿಯೋಕೆ ತೂಕದ ಚೀಟಿ ಇದ್ಯಲ್ಲ, ವೇಬ್ರಿಜ್‌ನವ್ರು ಕೊಡೋ ಚೀಟೀಲಿ ತಾರೀಕು, ಟೈಮು, ಗಾಡಿ ನಂಬರು, ಲೋಡ್ ತೂಕ, ಖಾಲಿ ತೂಕ ಎಲ್ಲಾ ಪ್ರಿಂಟ್ ಆಗಿರುತ್ತೆ. ಅದನ್ನ ಒಂದೊಂದಾಗಿ ಇಟ್ಟು ಹೊಂದಿಸ್ಬೇಕು. ಬೇಗ ಮಾಡು, ಆ ಚೀಟಿ ಕಾಗದ ಬಿಸಿಲಿಗೆ ಇಟ್ರೆ ಅಕ್ಷರ ಮಾಸಿ ಹೋಗುತ್ತೆ.

ಹೊಂದಿಸುವಾಗ ತಾರೀಕು ಟೈಪ್ ಮಾಡೋದ್ರಲ್ಲಿ ಹುಷಾರು. ನಾವು ಪುಸ್ತಕದಲ್ಲಿ 28.12.25 ಅಂತ ಚುಕ್ಕಿ ಇಟ್ಟು ಬರೆದು ರೂಢಿ, ಎಕ್ಸೆಲ್ಲಲ್ಲಿ ಹಂಗೆ ಹಾಕಿದ್ರೆ ಅದನ್ನ ತಾರೀಕು ಅಂತ ತಗೊಳ್ದೇ ಬರೀ ಅಕ್ಷರ ಅಂತ ಇಟ್ಕೊಳುತ್ತೆ, ಸೆಲ್ಲಿನ ಎಡಗಡೆಗೆ ಅಂಟ್ಕೊಂಡಿದ್ರೆ ಅಕ್ಷರ, ಬಲಗಡೆಗೆ ಹೋದ್ರೆ ತಾರೀಕು. ಗೀಟು ಹಾಕಿ 28-12-2025 ಅಂತ ಇಸವಿ ಸಮೇತ ಹೊಡಿ. ಇಸವಿ ಬಿಟ್ಟು ಬರೀ 28-12 ಅಂದ್ರೆ ಈಗ ನಡೀತಿರೋ ವರ್ಷ ಸೇರಿಸ್ಕೊಳುತ್ತೆ, ಹೋದ ತಿಂಗಳು ಬಂದ ಲೋಡು ಇನ್ನೂ ಬರ್ದೇ ಇರೋ 2026ರ ಡಿಸೆಂಬರಿಗೆ ಹೋಗಿ ಕೂರುತ್ತೆ. ಪ್ರತಿ ಜನವರೀಲಿ ಒಬ್ರಲ್ಲ ಒಬ್ರು ಈ ತಪ್ಪು ಮಾಡ್ಕೊಂಡು ನನ್ನತ್ರ ಬರ್ತಾರೆ.

ಡೈರಿ ಲೆಕ್ಕ, ಕೆ ಆರ್ ಪೇಟೆ

ತಾನಾಗೇ ಬಂದು ನಿಂತ್ಕೊಳೋಕೆ ಎಕ್ಸೆಲ್ಲಲ್ಲಿ ಒಂದು ದಾರಿ ಅದೆ, ಆದ್ರೆ ನಾನು ಕೈ ಸುಟ್ಕೊಂಡಿದ್ದೀನಿ ಅದಕ್ಕೇ ಹೇಳ್ತಾ ಇದೀನಿ. ಫಾರ್ಮುಲಾ ಹಿಂಗೆ: ಎ2 ಸೆಲ್ಲಲ್ಲಿ, ಬಿ2 ಖಾಲಿ ಇದ್ರೆ ಖಾಲಿ ಬಿಡು, ಇಲ್ದಿದ್ರೆ ಎ2 ಖಾಲಿ ಇದ್ರೆ ನೌ ಹಾಕು, ಎ2ದಲ್ಲಿ ಆಗ್ಲೇ ಏನಾದ್ರೂ ಇದ್ರೆ ಅದನ್ನೇ ಇಟ್ಕೊ. ಅಂದ್ರೆ ಸೆಲ್ಲು ತನ್ನನ್ನೇ ತಾನು ನೋಡ್ಕೊಳೋದು, ಎಕ್ಸೆಲ್ ಮೊದ್ಲು ಸರ್ಕ್ಯುಲರ್ ರೆಫರೆನ್ಸ್ ಅಂತ ಗಲಾಟೆ ಮಾಡ್ತದೆ, ಆಗ ಫೈಲು, ಆಪ್ಷನ್ಸು, ಫಾರ್ಮುಲಾಸ್ ಒಳಗೆ ಹೋಗಿ ಇಟರೇಟಿವ್ ಕ್ಯಾಲ್ಕುಲೇಷನ್ ಅನ್ನೋದಕ್ಕೆ ಟಿಕ್ ಹಾಕ್ಬೇಕು, ನಡೀತದೆ, ಚೆನ್ನಾಗೇ ನಡೀತದೆ.

ಎಲ್ಲಿ ಕೆಡ್ತದೆ ಅಂದ್ರೆ ಆ ಟಿಕ್ಕು ಫೈಲಿಗೆ ಅಂಟಿದ್ದಲ್ಲ, ಆ ಹೊತ್ತಲ್ಲಿ ಎಕ್ಸೆಲ್ಲಲ್ಲಿ ಮೊದ್ಲು ಯಾವ ಫೈಲು ತೆಗೆದ್ರೋ ಅದ್ರ ಸೆಟ್ಟಿಂಗೇ ಆಮೇಲೆ ತೆಗೆದ್ ಎಲ್ಲಾ ಫೈಲಿಗೂ. ನಾನು ನಮ್ಮೂರ ಡೈರೀಲಿ ಹಾಲಿನ ಲೆಕ್ಕ ಇಡೋನು, ಒಂದಿನ ಬೇರೆ ಯಾವ್ದೋ ಫೈಲು ಮೊದ್ಲು ತೆಗೆದಿದ್ದೆ, ಆಮೇಲೆ ಹಾಲಿನ ಫೈಲು ತೆಗ್ದು ಒಬ್ರ ಹೆಸ್ರು ತಿದ್ದಿದೆ, ಆ ಸಾಲಿನ ತಾರೀಕು 00-01-1900 ಅಂತ ಆಗೋಯ್ತು. ಸೊನ್ನೆ ಅನ್ನೋ ಸಂಖ್ಯೆನ ತಾರೀಕಿನ ರೂಪದಲ್ಲಿ ತೋರ್ಸೋದು ಅದು. ನಂಗೆ ಗೊತ್ತಾಗ್ದೇ ಸೇವ್ ಮಾಡ್ಬಿಟ್ಟೆ. ಆಮೇಲೆ ಇನ್ನೊಂದು, ಹೆಸ್ರು ತಪ್ಪಾಯ್ತು ಅಂತ ಅಳ್ಸಿ ಮತ್ತೆ ಹಾಕಿದ್ರೆ ತಾರೀಕೂ ಅಳ್ದು ಹೊಸದು ಬರ್ತದೆ. ಹದಿನೈದು ದಿನಕ್ಕೊಂದ್ಸಲ ಜನಕ್ಕೆ ಬಟವಾಡೆ ಮಾಡೋ ಜಾಗದಲ್ಲಿ ಇಂಥದ್ದು ಇಟ್ಕೋಬಾರ್ದು, ನಾನಂತೂ ಬಿಟ್ಬುಟ್ಟೆ.

ಮ್ಯಾಕ್ರೋ, ಅಂದ್ರೆ ಎಕ್ಸೆಲ್ ಒಳಗೇ ಓಡೋ ಸಣ್ಣ ಪ್ರೋಗ್ರಾಮು, ಬರೆದ್ರೂ ಆಗ್ತದೆ, ವರ್ಕ್‌ಶೀಟ್ ಚೇಂಜ್ ಅಂತ ಒಂದು ಇವೆಂಟು, ಹೆಸ್ರು ಹಾಕ್ತಿದ್ದಂಗೆ ಪಕ್ಕದಲ್ಲಿ ತಾರೀಕನ್ನ ಬರೀ ಮೌಲ್ಯವಾಗಿ ಬರೀತದೆ. ಆದ್ರೆ ಫೋನಿನ ಎಕ್ಸೆಲ್ಲಲ್ಲಿ ಮ್ಯಾಕ್ರೋ ಓಡಲ್ಲ, ನಿಮ್ಗೆ ಫೋನೇ ಮುಖ್ಯ ಅಂದ್ಮೇಲೆ ಅದೂ ಬೇಡ. ಮ್ಯಾಕ್ರೋ ಓಡಿದ್ಮೇಲೆ ಅನ್‌ಡೂ ಕೂಡ ಹೋಗ್ತದೆ, ತಪ್ಪು ಹೊಡ್ದಿದ್ನ ಹಿಂದಕ್ಕೆ ತಗಳಕ್ಕಾಗಲ್ಲ.

ಟಿ ನರಸೀಪುರದ ಮೇಷ್ಟ್ರು

ನಮ್ಮ ಶಾಲೇಲಿ ಮಕ್ಕಳ ಹಾಜರಿ, ಅಂಕ ಎಲ್ಲಾ ಗೂಗಲ್ ಶೀಟಲ್ಲೇ ಇಡೋದು, ನಿಮ್ಮ ಕೆಲ್ಸಕ್ಕೂ ಅದೇ ಸರಿ ಅನ್ಸುತ್ತೆ. ಅದ್ರಲ್ಲೂ ಶೀಟಿಗಿಂತ ಮೊದ್ಲು ಗೂಗಲ್ ಫಾರ್ಮ್ ನೋಡಿ. ನಾಲ್ಕೇ ಪ್ರಶ್ನೆ ಇಡಿ, ರೈತರ ಹೆಸ್ರು, ತೂಕ, ಮಾತಾದ ರೇಟು, ಕೊಟ್ಟ ಮುಂಗಡ. ಲಿಂಕನ್ನ ಅಪ್ಪಾಜಿ ಫೋನಿನ ಮುಖಪುಟದಲ್ಲಿ ಐಕಾನ್ ಥರ ಕೂರ್ಸಿ. ಅವ್ರು ತುಂಬಿ ಸಬ್ಮಿಟ್ ಒತ್ತಿದ್ರೆ ಶೀಟಲ್ಲಿ ಮೊದಲನೇ ಕಾಲಮ್ಮಲ್ಲಿ ಟೈಮ್‌ಸ್ಟ್ಯಾಂಪ್ ಅಂತ ತಾರೀಕು ಗಂಟೆ ನಿಮಿಷ ಸಮೇತ ಬಂದು ಕೂತ್ಕೊಳುತ್ತೆ, ಅದು ಫಾರ್ಮುಲಾ ಅಲ್ಲ. ಯಾರೂ ತಾರೀಕು ಟೈಪ್ ಮಾಡೋದೂ ಇಲ್ಲ ಮರೆಯೋದೂ ಇಲ್ಲ. ಫಾರ್ಮ್‌ನಲ್ಲೇ ತೂಕದ ಜಾಗಕ್ಕೆ ಸಂಖ್ಯೆ ಮಾತ್ರ ಅಂತ ನಿಬಂಧನೆ ಹಾಕ್ಬೋದು, ಆಗ ಯಾರೋ "9.4 ಟನ್" ಅಂತ ಅಕ್ಷರ ಸೇರಿಸಿ ಲೆಕ್ಕ ಕೆಡ್ಸೋದು ತಪ್ಪುತ್ತೆ.

ಫಾರ್ಮ್ ಉತ್ತರ ಬಂದು ಬೀಳೋ ಶೀಟಲ್ಲಿ ನೀವು ಏನೂ ಬರೀಬೇಡಿ, ಇನ್ನೊಂದು ಶೀಟ್ ಮಾಡ್ಕೊಂಡು ಒಟ್ಟು ಬಾಕಿ ಎಲ್ಲಾ ಅಲ್ಲಿ ಲೆಕ್ಕ ಹಾಕಿ. ಇದೊಂದನ್ನ ನಾನು ಸಹೋದ್ಯೋಗಿಗಳಿಗೆ ಕೈ ಮುಗಿದು ಹೇಳ್ತೀನಿ, ಬಂದದ್ದು ಬಂದ ಹಾಗೇ ಒಂದು ಕಡೆ ಇರ್ಲಿ ಅಂತ.

ಫಾರ್ಮ್ ಬೇಡ, ಶೀಟಲ್ಲೇ ನೇರವಾಗಿ ಹಾಕ್ತೀವಿ ಅಂದ್ರೆ ಎಕ್ಸ್‌ಟೆನ್ಷನ್ಸ್ ಮೆನುವಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಅಂತ ಸಣ್ಣ ಪ್ರೋಗ್ರಾಮ್ ಬರೆಯೋ ಜಾಗ ಇದೆ, ಅಲ್ಲಿ ಆನ್‌ಎಡಿಟ್ ಅನ್ನೋ ಹೆಸ್ರಲ್ಲಿ ನಾಲ್ಕೈದು ಸಾಲಿನ ಫಂಕ್ಷನ್ ಬರೆದ್ರೆ, ಹೆಸ್ರಿನ ಕಾಲಮ್ ತುಂಬಿದ ಕೂಡ್ಲೇ ಪಕ್ಕದ ಸೆಲ್ ಖಾಲಿ ಇದ್ರೆ ಮಾತ್ರ ತಾರೀಕು ಹಾಕು ಅಂತ. ಆ "ಖಾಲಿ ಇದ್ರೆ ಮಾತ್ರ" ಅನ್ನೋದು ಬಿಟ್ರೆ ಹೆಸ್ರು ತಿದ್ದಿದಾಗೆಲ್ಲ ತಾರೀಕು ಬದಲಾಗುತ್ತೆ. ಇದು ಗೂಗಲ್ ಸರ್ವರಲ್ಲಿ ಓಡೋದ್ರಿಂದ ಫೋನಿಂದ ಹಾಕಿದ್ರೂ ಕೆಲ್ಸ ಮಾಡುತ್ತೆ. ಎರಡು ಕಡೆ ಜನ ಎಡವೋದು ನೋಡಿದೀನಿ. ಹತ್ತು ಹೆಸ್ರು ಒಟ್ಟಿಗೆ ಪೇಸ್ಟ್ ಮಾಡಿದ್ರೆ ಸ್ಕ್ರಿಪ್ಟಲ್ಲಿ ಎಲ್ಲಾ ಸಾಲು ನೋಡು ಅಂತ ಬರೆದಿರ್ಬೇಕು, ಇಲ್ದಿದ್ರೆ ಮೊದಲನೇ ಸಾಲಿಗೆ ಮಾತ್ರ ತಾರೀಕು ಬರುತ್ತೆ. ಮತ್ತೆ ಶೀಟಿನ ಸೆಟ್ಟಿಂಗ್ಸಲ್ಲಿ ಲೊಕೇಲ್, ಅಂದ್ರೆ ಯಾವ ದೇಶದ ರೂಢಿ ಅನ್ನೋದು, ಇಂಡಿಯಾ, ಟೈಮ್‌ಝೋನ್ ಭಾರತದ್ದು ಇದ್ಯಾ ನೋಡ್ಕೊಳಿ. ಲೊಕೇಲ್ ಅಮೆರಿಕದ್ದಿದ್ರೆ 6-1 ಅಂತ ಹಾಕಿದ್ದನ್ನ ಜೂನ್ 1 ಅಂತ ಓದುತ್ತೆ, 13ನೇ ತಾರೀಕಿಂದ ಮುಂದೆ ಹಾಕಿದ್ದು ತಾರೀಕೇ ಆಗಲ್ಲ, ತಿಂಗಳಲ್ಲಿ ಅರ್ಧ ಒಂಥರ ಅರ್ಧ ಇನ್ನೊಂಥರ.

ಮಂಡ್ಯ ಜೆರಾಕ್ಸ್ ಅಂಗಡಿ

ಸಾರ್, ಇಷ್ಟೆಲ್ಲಾ ಯಾಕೆ, ಶೀಟಿಗೆ ಪ್ರೊಟೆಕ್ಷನ್ ಹಾಕಿ ಪಾಸ್‌ವರ್ಡ್ ಕೊಟ್ರೆ ಮುಗೀತಲ್ವಾ, ಯಾರೂ ಬದಲಾಯ್ಸಕ್ಕಾಗಲ್ಲ.

ಲೆಕ್ಕದ ಅಕ್ಕ, ಮೈಸೂರು

ಪ್ರೊಟೆಕ್ಷನ್ ತಡೆಯೋದು ಕೈಯಿಂದ ತಿದ್ದೋದನ್ನ ಮಾತ್ರ. ಲಾಕ್ ಆಗಿರೋ ಸೆಲ್ಲಲ್ಲಿ ಟುಡೇ ಇದ್ರೆ ಅದು ಲಾಕ್ ಒಳಗೇ ಕೂತು ದಿನಾ ಬದಲಾಗುತ್ತೆ, ಬೇರೆ ಸೆಲ್ಲಿಗೆ ಲಿಂಕ್ ಇರೋ ರೇಟೂ ಹಂಗೇ. ಮೊದ್ಲು ಫಾರ್ಮುಲಾ ತೆಗ್ದು ಮೌಲ್ಯ ಮಾಡ್ಬೇಕು, ಆಮೇಲೆ ಬೀಗ.

ಹಾಕೋದಾದ್ರೆ ಹೀಗೆ ಮಾಡಿ. ಎಕ್ಸೆಲ್ಲಲ್ಲಿ ಎಲ್ಲಾ ಸೆಲ್ಲೂ ಹುಟ್ಟಿಂದ್ಲೇ ಲಾಕ್ಡ್ ಅಂತ ಇರುತ್ತೆ, ಶೀಟ್ ಪ್ರೊಟೆಕ್ಟ್ ಮಾಡಿದಾಗ ಮಾತ್ರ ಅದು ಜಾರಿಗೆ ಬರೋದು. ಅದಕ್ಕೆ ಹೊಸದಾಗಿ ತುಂಬಬೇಕಾದ ಸಾಲುಗಳನ್ನ ಮೊದ್ಲು ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಪ್ರೊಟೆಕ್ಷನ್ ಅನ್ನೋದಕ್ಕೆ ಹೋಗಿ ಲಾಕ್ಡ್ ಟಿಕ್ ತೆಗೀಬೇಕು, ಆಮೇಲೆ ರಿವ್ಯೂ ಮೆನುವಿಂದ ಪ್ರೊಟೆಕ್ಟ್ ಶೀಟ್. ಕೈ ತಪ್ಪಿ ಅಳಿಸೋದು ನಿಲ್ಲುತ್ತೆ. ಬೇಕು ಅಂತಾನೇ ತಿದ್ದೋರನ್ನ ಈ ಪಾಸ್‌ವರ್ಡ್ ನಿಲ್ಲಿಸಲ್ಲ, ಅಷ್ಟು ಗಟ್ಟಿ ಬೀಗ ಅಲ್ಲ ಅದು.

ಯಾರು ಯಾವಾಗ ಏನು ತಿದ್ದಿದ್ರು ಅಂತ ಗೊತ್ತಾಗೋದೇ ನಿಜವಾದ ಕಾವಲು ಅಂತ ನನ್ನ ಅಭಿಪ್ರಾಯ. ಕಂಪನಿಗಳು ಲೆಕ್ಕ ಇಡೋ ಸಾಫ್ಟ್‌ವೇರಲ್ಲಿ ಪ್ರತಿ ತಿದ್ದುಪಡಿಯೂ ತಾರೀಕು ಸಮೇತ ದಾಖಲಾಗ್ಬೇಕು, ಆ ದಾಖಲೇನ ಆಫ್ ಮಾಡೋಕೆ ಆಗ್ಬಾರ್ದು ಅಂತ 2023ರ ಏಪ್ರಿಲ್ 1ರಿಂದ ನಿಯಮಾನೇ ಇದೆ. ಆಲೆಮನೆಗೆ ಆ ನಿಯಮ ಅನ್ವಯ ಆಗಲ್ಲ, ಆದ್ರೆ ರೈತನ ದುಡ್ಡೂ ದುಡ್ಡೇ ತಾನೇ. ಗೂಗಲ್ ಶೀಟಲ್ಲಿ ವರ್ಷನ್ ಹಿಸ್ಟರಿ ಇದೆ, ಒಂದು ಸೆಲ್ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ಎಡಿಟ್ ಹಿಸ್ಟರಿ ತೋರ್ಸು ಅಂದ್ರೆ ಅದೊಂದರದ್ದೇ ಚರಿತ್ರೆ ಬರುತ್ತೆ. ಅದಕ್ಕೆ ಮೇಷ್ಟ್ರು ಹೇಳಿದ್ದೇ ನಂಗೂ ಸರಿ ಅನ್ಸೋದು.

ಟಿ ನರಸೀಪುರದ ಮೇಷ್ಟ್ರು

ಒಂದು ಸೇರಿಸ್ತೀನಿ ಮೇಡಂ. ಗೂಗಲ್ ಶೀಟಲ್ಲಿ ತಾರೀಕಿನ ಕಾಲಮ್ಮಿಗೆ ಪ್ರೊಟೆಕ್ಟ್ ರೇಂಜ್ ಹಾಕಿ ಬೇರೆಯವ್ರು ಮುಟ್ಟಬಾರ್ದು ಅಂತ ಮಾಡಿದ್ರೆ, ಆ ಆನ್‌ಎಡಿಟ್ ಸ್ಕ್ರಿಪ್ಟೂ ಅಲ್ಲಿ ಬರೆಯೋಕೆ ಆಗಲ್ಲ, ಯಾಕಂದ್ರೆ ಅದು ಟೈಪ್ ಮಾಡಿದವ್ರ ಹೆಸ್ರಲ್ಲೇ ಓಡೋದು. ಅದಕ್ಕೆ ಟ್ರಿಗರ್ಸ್ ಅಂತ ಪುಟದಲ್ಲಿ ಬೇರೆಯಾಗಿ ಒಂದು ಟ್ರಿಗರ್, ಅಂದ್ರೆ ಸ್ಕ್ರಿಪ್ಟ್ ಯಾವಾಗ ಓಡ್ಬೇಕು ಅನ್ನೋ ಸೂಚನೆ, ಕೂರಿಸ್ಬೇಕು, ಫಂಕ್ಷನ್ನಿಗೆ ಆನ್‌ಎಡಿಟ್ ಬಿಟ್ಟು ಬೇರೆ ಹೆಸ್ರಿಡ್ಬೇಕು, ಆಗ ಕೂರಿಸಿದವ್ರ ಹೆಸ್ರಲ್ಲಿ ಓಡುತ್ತೆ. ಫಾರ್ಮ್‌ಗೆ ಈ ರಗಳೆ ಇಲ್ಲ. ಆದ್ರೆ ಫಾರ್ಮ್‌ಗೆ ನೆಟ್‌ವರ್ಕ್ ಬೇಕೇ ಬೇಕು, ಗದ್ದೆ ಬಯಲಲ್ಲಿ ಸಿಗ್ನಲ್ ಇಲ್ದಿದ್ರೆ ಚೀಟೀಲಿ ಬರ್ಕೊಂಡು ಸಿಗ್ನಲ್ ಸಿಕ್ಕಿದ ಮೇಲೆ ಹಾಕಿ. ಅದಕ್ಕೆ ಫಾರ್ಮ್‌ನಲ್ಲಿ ಲೋಡು ಬಂದ ತಾರೀಕು ಅಂತ ಐದನೇ ಪ್ರಶ್ನೆ ಒಂದು ಸೇರ್ಸಿಬಿಡಿ, ಕ್ಯಾಲೆಂಡರಿಂದ ಆರಿಸೋ ಥರದ್ದು. ಹಾಕಿದ ಹೊತ್ತು ಬೇರೆ, ಲೋಡು ಬಂದ ದಿನ ಬೇರೆ, ಎರಡೂ ಉಳಿಯುತ್ತೆ.

ಪಾಂಡವಪುರದ ಹುಡುಗ

ಎಲ್ರಿಗೂ ತುಂಬಾ ಉಪಕಾರ ಆಯ್ತು. ನಾಲ್ಕು ದಿನ ಕೂತು ಮಾಡಿದ್ದು ಹೇಳ್ತೀನಿ, ನನ್ನಂಗೇ ಸಿಕ್ಕಾಕೊಂಡಿರೋರಿಗೆ ಅನುಕೂಲ ಆಗ್ಬೋದು.

ಭಾವಂಗೆ ಕಳ್ಸಿದ್ದ ಇ-ಮೇಲ್ ನೋಡಿ ಎಂಟು ಶನಿವಾರದ ಫೈಲು ಸಿಕ್ಕಿದ್ವು. ಹಳದಿ ಪಟ್ಟಿ ಮುಟ್ಲಿಲ್ಲ. ಅಕ್ಕ ಹೇಳ್ದಂಗೆ ಸಾಲು ಎಣಿಸಿ ವಾರ ವಾರ ಬೇರೆ ಮಾಡ್ದೆ. ಡಿಸೆಂಬರ್ 20ರ ಫೈಲಲ್ಲಿ ರೇಟು 2900 ಅಂತಾನೇ ಇತ್ತು, ನಾನು ಅದನ್ನ ಮರ್ತೇ ಬಿಟ್ಟಿದ್ದೆ, ಎಲ್ರಿಗೂ 3000 ಅಂತ ಹಾಕ್ಬಿಡ್ತಿದ್ದೆ! ತೂಕದ ಚೀಟಿಗಳು ಅಪ್ಪ ಗಲ್ಲಾಪೆಟ್ಟಿಗೆ ಕೆಳ್ಗಡೆ ತಂತಿಗೆ ಚುಚ್ಚಿ ಇಟ್ಟಿದ್ರು, ಬಂದ್ ಬಂದ್ಹಂಗೇ ಚುಚ್ಚಿರೋದ್ರಿಂದ ಕೆಳಗಿಂದ ಮೇಲಕ್ಕೆ ತಾರೀಕು ಪ್ರಕಾರವೇ ಇದ್ವು. ಕೆಲವಕ್ಕೆ ಬೆಲ್ಲದ ಪಾಕ ಅಂಟಿ ಒಂದಕ್ಕೊಂದು ಮೆತ್ಕೊಂಡಿದ್ವು, ನಿಧಾನಕ್ಕೆ ಬಿಡಿಸ್ಕೊಂಡೆ. ಅಪ್ಪ ಚೀಟಿ ಓದೋರು, ನಾನು ಟೈಪ್ ಮಾಡೋದು, ಇಸವಿ ಸಮೇತ ಗೀಟು ಹಾಕಿ. 140ರಲ್ಲಿ 134 ಹೊಂದ್ಕೊಂಡ್ವು. ಆರು ಲೋಡು ಎತ್ತಿನ ಗಾಡೀಲಿ ಬಂದಿದ್ದು, ವೇಬ್ರಿಜ್‌ಗೆ ಹೋಗೇ ಇರ್ಲಿಲ್ಲ, ಅವಕ್ಕೆ ಆಯಾ ಮನೇವ್ರನ್ನೇ ಕೇಳ್ದೆ. ಒಬ್ಬ ಅಜ್ಜಿ ಮಾತ್ರ ತಾರೀಕು ಗೊತ್ತಿಲ್ಲ ಕಣಪ್ಪ, ವೈಕುಂಠ ಏಕಾದಶಿ ಮಾರನೇ ದಿನ ಅಂದ್ರು, ಅದು 31-12-2025 ಅಂತ ಕ್ಯಾಲೆಂಡರ್ ನೋಡಿ ಹಾಕ್ದೆ, ಅದೇ ವಾರದ ಸಾಲುಗಳ ನಡುವೆ ಸರಿಯಾಗಿ ಕೂತ್ಕೊಳ್ತು.

ರೇಟನ್ನ ಪ್ರತಿ ಸಾಲಲ್ಲೂ ಕೈಯಾರೆ ಬರ್ದೆ. ಆಗ ಗೊತ್ತಾಯ್ತು, ಹಬ್ಬದ ಮುಂಚೆ ಲೋಡು ಹಾಕಿ ಹಬ್ಬ ಆದ್ಮೇಲೆ ದುಡ್ಡು ತಗೊಂಡ ಇನ್ನಿಬ್ರಿಗೂ ಕಮ್ಮಿ ಕೊಟ್ಟಿದ್ವಿ. ಅವ್ರ ಚೀಟಿ ಕಳ್ದೋಗಿತ್ತು ಅಂತ ಕಾಣ್ತದೆ, ಅವ್ರು ಕೇಳೇ ಇಲ್ಲ. ಅಪ್ಪ ಅವತ್ತೇ ನನ್ನ ಗಾಡೀಲಿ ಕೂರಿಸ್ಕೊಂಡು ಇಬ್ರ ಮನೆಗೂ ಹೋಗಿ ಬಾಕಿ ಕೊಟ್ಟು ಬಂದ್ರು.

ಈಗ ಮೇಷ್ಟ್ರು ಹೇಳಿದ್ ಫಾರ್ಮು ಮಾಡಿದ್ದೀನಿ, ಐದೂ ಪ್ರಶ್ನೆ ಕನ್ನಡದಲ್ಲೇ. ಅಪ್ಪ ಮೊದಲನೇ ಲೋಡು ತಾವೇ ಹಾಕಿದ್ರು, ಕನ್ನಡಕ ಏರಿಸ್ಕೊಂಡು ಒಂದೊಂದೇ ಅಂಕಿ. ನೋಟ್‌ಬುಕ್ಕೂ ಬಿಡಲ್ಲ ಅಂತವ್ರೆ, ನಾನೂ ಬಿಡಿ ಅನ್ನಲ್ಲ. ಇವತ್ತು ಬೆಳಗ್ಗೆ ಎದ್ದವನೇ ಶೀಟು ತೆಗ್ದು ಯಜಮಾನ್ರ ಸಾಲು ನೋಡಿದೆ, 6-1-2026, 9.4, 3000, ಬಾಕಿ ಸೊನ್ನೆ.